ಚಿಕ್ಕಿ ಅಜ್ಜಿಗೆ ಬಿದ್ದ ಕೆಂಪು ಗೀಟು

ಇವತ್ತು ಚಿಕ್ಕಿ ಪೊಟ್ಟಣ ಬಿಚ್ಚಿದಾಗ ಬಂದ ಬೆಲ್ಲದ ವಾಸನೆಗೆ ಖಡಕಿಯ ಕನ್ನಡ ಶಾಲೆಯ ನಮ್ಮ ಸರ್ ನೆನಪಾದರು. ಕಾಡಿನಲ್ಲಿ ಒಬ್ಬನೇ ಬದುಕುಳಿದ ಹುಡುಗನ ಕಾದಂಬರಿಯನ್ನು ಕಿಟಕಿ ಮುಚ್ಚಿಸಿ ಬಾಯಿಪಾಠ ಮಾಡಿಸುತ್ತಿದ್ದರು. ಹಲ್ಲಿ ಕಂಡರೆ ಕುರ್ಚಿ ಏರುವ ಆಸಾಮಿ.

ಲೋಣಾವಳಾ ಪ್ರವಾಸದಲ್ಲಿ ಮಂಜು ಕವಿದು ದಾರಿ ತಪ್ಪಿದೆವು. ಕಾದಂಬರಿಯ ಹುಡುಗನಂತೆ ಮರದ ಪಾಚಿ ನೋಡಿ ದಿಕ್ಕು ಹಿಡಿಯಲು ಹೊರಟ ಸರ್ ಜಾರಿ ಕೆಸರಿನಲ್ಲಿ ಕುಕ್ಕರಿಸಿದರು. ನಾನು ಚಿಕ್ಕಿ ಮಾರುವ ಒಬ್ಬ ಅಜ್ಜಿಯನ್ನು ಮರಾಠಿಯಲ್ಲಿ ದಾರಿ ಕೇಳಿದೆ. ಅವಳೇ ನಮ್ಮನ್ನೆಲ್ಲ ಸ್ಟೇಷನ್ನಿಗೆ ಮುಟ್ಟಿಸಿದಳು.

ಪರೀಕ್ಷೆಯಲ್ಲಿ ‘ದಾರಿ ತಪ್ಪಿದರೆ ಏನು ಮಾಡುವೆ?’ ಎಂಬ ಪ್ರಶ್ನೆಗೆ ‘ಚಿಕ್ಕಿ ಅಜ್ಜಿಯನ್ನು ಕೇಳುತ್ತೇನೆ’ ಎಂದು ಬರೆದೆ. ಸರ್ ಕೆಂಪು ಗೀಟೆಳೆದರು.

“ಕಾದಂಬರ್ಯಾಗ ಅಜ್ಜಿ ಎಲ್ಲಿದಾಳವಾ?”

ಈಗ ಮಗಳ ನೋಟ್‌ಬುಕ್ಕಿನಲ್ಲೂ ಅದೇ ಪ್ರಶ್ನೆ. ‘ಪಾಚಿ ನೋಡುತ್ತೇನೆ’ ಎಂದು ಬರೆದು ಹತ್ತಕ್ಕೆ ಹತ್ತು ತಂದಿದ್ದಾಳೆ.

ಉತ್ತರ ಹೇಳಿಕೊಟ್ಟವಳು ನಾನೇ.