ಊರು ನೋಡಾಕ ಹೋದ ಕಾಕು

ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಗಂಡ ಹೆಂಡತಿ ಮೊನ್ನೆ ಹೈದರಾಬಾದಿಗೆ ಹೋಗಿಬಂದು ನಮಗೂ ಒಂದು ಡಬ್ಬಿ ಬಿಸ್ಕಿಟು ತಂದುಕೊಟ್ಟರು. ಅಲ್ಲಿನ ಇರಾನಿ ಹೋಟೆಲುಗಳಲ್ಲಿ ಚಹಾದ ಜೊತೆ ಕೊಡುತ್ತಾರಲ್ಲ, ಪೂರ್ತಿ ಉಪ್ಪೂ ಅಲ್ಲದ, ಪೂರ್ತಿ ಸಿಹಿಯೂ ಅಲ್ಲದ ಬಿಸ್ಕಿಟು, ಅದು. ಮುಚ್ಚಳ ತೆಗೆದದ್ದೇ ತಡ, ಬೆಣ್ಣೆಯ ಘಮ ಅಡುಗೆಮನೆ ತುಂಬಿತು. ಅದರ ಹಿಂದೆಯೇ ಕಾಕು ಬಂದು ಬಾಗಿಲಲ್ಲಿ ನಿಂತಂತಾಯಿತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು...

"ಯಾಕ ಹೋಗಿದ್ರಿ ಹೈದರಾಬಾದಿಗೆ?" ಎಂದು ಆ ಹುಡುಗಿಯನ್ನು ಕೇಳಿದೆ.

"ಸುಮ್ನರಿ ಅಕ್ಕಾ. ಊರು ನೋಡಾಕ."

ನಾನು ಬಿಸ್ಕಿಟು ಬಾಯಿಗೆ ಹಾಕದೆ ಅವಳ ಮುಖವನ್ನೇ ನೋಡುತ್ತ ನಿಂತೆ.

ಕಾಕು ನಮಗೆ ರಕ್ತಸಂಬಂಧಿಯಲ್ಲ. ಈಗ ಈ ಹುಡುಗಿ ಇರುವ ಮನೆಯಲ್ಲೇ, ಶಹಾಪುರದ ನಮ್ಮ ಓಣಿಯಲ್ಲಿ, ನಾನು ಹುಟ್ಟುವ ಮೊದಲಿನಿಂದ ಇದ್ದವಳು. ಅವಳ ಗಂಡ ಹರೆಯದಲ್ಲಿ ಹೈದರಾಬಾದಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡಿದ್ದರಂತೆ. ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಒಂದು ಗಡಿಯಾರವಿದೆ, ತಾಸಿಗೊಮ್ಮೆ ಅದರೊಳಗಿಂದ ಗಡ್ಡದ ಪುಟ್ಟ ಮನುಷ್ಯನೊಬ್ಬ ಹೊರಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತಾನೆ ಎಂದು ಹೇಳಿ ಹೇಳಿ ಅವಳ ತಲೆ ತಿಂದಿದ್ದರು. ಈ ಸುಗ್ಗಿ ಮುಗಿಯಲಿ, ಆ ಮದುವೆ ಮುಗಿಯಲಿ, ಕರೆದುಕೊಂಡು ಹೋಗುತ್ತೇನೆ ಎನ್ನುತ್ತಲೇ ಇದ್ದರು. ಕರೆದುಕೊಂಡು ಹೋಗದೆಯೇ ತೀರಿಕೊಂಡರು.

ನಮ್ಮೂರ ಗುಡ್ಡ ದೂರದಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುತ್ತದೆ. ಊರವರಾದ ನಾವು ಅತ್ತ ನೋಡುವುದು ಮಳೆ ಬರುತ್ತದೋ ಇಲ್ಲವೋ ಎಂದು ತಿಳಿಯಲು ಮಾತ್ರ. ಒಂದು ದಿನ ಪುಣೆ ಕಡೆಯ ದಂಪತಿ ಕ್ಯಾಮೆರಾ ಹಿಡಿದು ಬಂದು, ಗುಡ್ಡ ಎಲ್ಲಿಂದ ಚೆನ್ನಾಗಿ ಕಾಣುತ್ತದೆ ಎಂದು ಕಾಕುವಿನ ಬಾಗಿಲಲ್ಲಿ ಕೇಳಿದರು. ಕಾಕು ನೀರು ಕೊಟ್ಟು, ತನ್ನ ಹರಕು ಹಿಂದಿಯಲ್ಲಿ ಯಾರ ಮನೆಗೆ ಬಂದಿರಿ ಎಂದಳು. ಯಾರ ಮನೆಗೂ ಅಲ್ಲವಂತೆ. ಹಾಗಾದರೆ ಯಾರಿಗೆ ಆರಾಮಿಲ್ಲ ಎಂದಳು. ಎಲ್ಲರೂ ಆರಾಮ, ಸುಮ್ಮನೆ ನೋಡಲು ಬಂದೆವು ಎಂದು ಅವರು ನಕ್ಕರು. ಕಾಕುವಿಗೆ ಆ ದಿನವೆಲ್ಲ ಅದೇ ಗುಂಗು.

ಸಂಜೆ ನಮ್ಮ ಕಟ್ಟೆಗೆ ಬಂದು ಕುಳಿತು ಹೇಳಿದಳು: "ನಮ್ಮ ಗುಡ್ಡ ನೋಡಾಕ ಅಷ್ಟು ದೂರದಿಂದ ಬರ್ತಾರ. ಅದು ಮಲಗಿದ್ದು ಮಗ್ಗಲಾ ಸೈತ ಬದಲಿಸೂದಿಲ್ಲ. ಅಲ್ಲಿ ಗಡಿಯಾರದಾಗಿನ ಮನಷ್ಯಾ ಎದ್ದು ಬಂದು ಗಂಟಿ ಹೊಡಿತಾನ. ನಾ ನೋಡಾಕ ಹೋಗಬಾರದೇನು?"

ಹೋಗಬಾರದೆಂದು ಯಾರೂ ಅನ್ನಲಿಲ್ಲ. ಆದರೆ ನಮ್ಮ ಕಡೆಯ ಮಂದಿ ಆಗ ಹೈದರಾಬಾದಿಗೆ ಹೋಗುತ್ತಿದ್ದದ್ದು ಮದುವೆಯ ಜವಳಿಗೆ, ಇಲ್ಲವೇ ದೊಡ್ಡ ದವಾಖಾನೆಗೆ. ಕಾಕುವಿನ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದವರು ಯಾರೂ ಇರಲಿಲ್ಲ. ಓಣಿಗೆ ಅಷ್ಟು ಸಾಕಾಯಿತು.

ಮರುದಿನದಿಂದ ಹಣ್ಣು ಬರತೊಡಗಿತು. ಒಬ್ಬರು ಮೋಸಂಬಿ, ಒಬ್ಬರು ದಾಳಿಂಬೆ, ಒಬ್ಬರು ಎಳನೀರು. ಗಿರಣಿ ಮನೆಯ ಆಯಿ ಕಾಕುವಿನ ಎರಡೂ ಕೈ ಹಿಡಿದು, "ಯವ್ವಾ, ಒಳ್ಳೆಯವರಿಗೇ ನೋಡು ಇಂಥಾದ್ದು ಬರ್ತೈತಿ" ಎಂದು ಕಣ್ಣೊರೆಸಿಕೊಂಡಳು.

"ಎಂಥಾದ್ದು?" ಎಂದಳು ಕಾಕು.

"ಇರ್ಲಿ ಬಿಡವ್ವಾ, ಬಾಯಿ ಬಿಟ್ಟು ಹೇಳಬ್ಯಾಡ" ಎಂದು ಆಯಿ ಇನ್ನೂ ಜೋರಾಗಿ ಅತ್ತಳು.

ಕಾಕು ಆಣೆ ಮಾಡಿದಳು, ಬೈದಳು, ತುಂಬಿದ ಕೊಡ ಎತ್ತಿ ತೋರಿಸಿದಳು. ಪಾಪ, ನೋವು ನುಂಗಿಕೊಂಡು ಎಷ್ಟು ಗಟ್ಟಿಯಾಗಿದ್ದಾಳೆ ಎಂದು ಹೆಂಗಸರು ಮತ್ತಷ್ಟು ಮರುಗಿದರು. ಕೊನೆಗೆ ಅವಳಿಗೇ ಬೇಸರ ಬಂದು ಬಾಯಿ ಮುಚ್ಚಿಕೊಂಡು ದಾಳಿಂಬೆ ತಿಂದಳು. ನನಗೂ ಪಾಲು ಬಂತು, ಅದೇನು ಸುಳ್ಳಲ್ಲ.

ಇದೆಲ್ಲ ಕೇಳಿ ಗಾಬರಿಯಾದವನು ಅವಳ ಮಗ. ಬಸ್‌ಸ್ಟ್ಯಾಂಡಿನ ಹತ್ತಿರ ಫ್ಯಾನು, ಬಲ್ಬು ಮಾರುವ ಅಂಗಡಿ ಇಟ್ಟುಕೊಂಡಿದ್ದ, ಸಾಧು ಮನುಷ್ಯ. ಅವ್ವ ತನ್ನಿಂದ ಏನೋ ಮುಚ್ಚಿಡುತ್ತಿದ್ದಾಳೆ ಎಂದು ಅವನಿಗೂ ಅನಿಸಿಬಿಟ್ಟಿತು. ಕರೆದುಕೊಂಡು ಹೋಗುತ್ತೇನೆ, ಆದರೆ ಮೊದಲು ದವಾಖಾನೆ, ಆಮೇಲೆ ಗಡಿಯಾರ ಎಂದು ಹಟ ಹಿಡಿದ. ನಮ್ಮವ್ವನ ತವರು ಗುರುಮಠಕಲ್ ಕಡೆ ಆದ್ದರಿಂದ ನನಗೆ ತೆಲುಗು ಬರುತ್ತಿತ್ತು. ಡಾಕ್ಟರು ಹೇಳಿದ್ದು ತಿಳಿಯಬೇಕಲ್ಲ ಎಂದು ನನ್ನನ್ನೂ ಬಸ್ಸಿಗೆ ಹತ್ತಿಸಿದರು.

ದವಾಖಾನೆಯಲ್ಲಿ ರಕ್ತ ತೆಗೆದರು, ಎದೆಯ ಫೋಟೊ ತೆಗೆದರು, ಈ ಬಾಗಿಲಿಂದ ಆ ಬಾಗಿಲಿಗೆ ಓಡಾಡಿಸಿದರು. ಕಾಕು ಪ್ರತಿ ಬಾಗಿಲಲ್ಲೂ ಗೋಡೆಯ ಗಡಿಯಾರ ನೋಡಿ ಹಲ್ಲು ಕಡಿಯುತ್ತಿದ್ದಳು. ಮ್ಯೂಸಿಯಂ ಮುಚ್ಚುವ ಹೊತ್ತು ಹತ್ತಿರವಾಗುತ್ತಿತ್ತು. ಅಂತೂ ಡಾಕ್ಟರು ಬಂದು ಇವರಿಗೆ ಏನೂ ಆಗಿಲ್ಲ ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಇದನ್ನ ನಾ ಶಹಾಪುರದಾಗೇ ಹೇಳಿದ್ನೆಲ್ಲ" ಎಂದು ಕಾಕು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಆಟೋದಲ್ಲಿ ಹೋಗುವಾಗ ಚಾರ್‌ಮಿನಾರ್ ಕಂಡಿತು. ಇಳಿಯೋಣವೇ ಎಂದೆ. ಅದು ಎಲ್ಲಿಗೂ ಹೋಗುವುದಿಲ್ಲ, ನಡಿ ಅಂದಳು. ಮ್ಯೂಸಿಯಮ್ಮಿನಲ್ಲಿ ಮಾತ್ರ ಒಂದು ಕಡೆ ಅವಳ ಕಾಲು ನಿಂತಿತು. ಮುಖದ ಮೇಲೆ ತೆಳು ಬಟ್ಟೆ ಹೊದ್ದ ಹೆಣ್ಣಿನ ಬಿಳಿ ಕಲ್ಲಿನ ಮೂರ್ತಿ. "ಆ ಹೆಣ್ಮಗಳ ಸೆರಗು ಒಂದೀಟು ಸರಸಾಕ ಹೇಳು, ಮಾರಿ ಸರಿ ಕಾಣವಲ್ದು" ಎಂದಳು. ನಾನು ನಾಚಿಕೆ ಬಿಟ್ಟು ಕಾವಲಿನವನಿಗೆ ಹೇಳಿದೆ. ಸೆರಗೂ ಕಲ್ಲೇ ಅಮ್ಮಾ ಎಂದು ಅವನು ನಕ್ಕ. ಕಾಕು ನಂಬಲಿಲ್ಲ. ಇವರಿಗೆ ತೆಗೆಯಲು ಮನಸ್ಸಿಲ್ಲ, ಅದಕ್ಕೆ ಕಲ್ಲು ಅನ್ನುತ್ತಾರೆ ಎಂದು ಗೊಣಗುತ್ತ ಮುಂದೆ ನಡೆದಳು.

ಗಡಿಯಾರದ ಮುಂದೆ ಆಗಲೇ ಜನ ತುಂಬಿದ್ದರು. ಗಂಟೆ ಬಾರಿಸಲು ಇನ್ನೂ ಹೊತ್ತಿತ್ತು. ಮಗ ಬಸ್ಸು ತಪ್ಪುತ್ತದೆ ಎಂದು ಚಡಪಡಿಸಿದ. ಕಾಕು ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕುಳಿತಳು.

"ನೀ ಹೋಗಪ್ಪಾ. ನಿಮ್ಮಪ್ಪ ಹೇಳಿದ ಮನಷ್ಯಾನ್ನ ನಾ ನೋಡೇ ಬರ್ತೀನಿ."

ಮಗನೂ ಅವಳ ಪಕ್ಕದಲ್ಲಿ ಕುಳಿತ. ಸ್ವಲ್ಪ ಹೊತ್ತಿಗೆ ಗಲಾಟೆ ತಾನಾಗಿಯೇ ನಿಂತಿತು. ಪುಟ್ಟ ಬಾಗಿಲು ತೆರೆಯಿತು, ಗಡ್ಡದವನು ಬಂದ, ಬಾರಿಸಿದ, ಹೋದ. ಅಷ್ಟೇ. ಇಷ್ಟಕ್ಕೇ ಇಷ್ಟು ಪಡಿಪಾಟಲೇ ಎಂದು ನನಗೆ ಅನಿಸಿದ್ದು ಖರೆ. ತಿರುಗಿ ನೋಡಿದರೆ ಕಾಕುವಿನ ಕಣ್ಣು ಗಡಿಯಾರದ ಮೇಲಿರಲಿಲ್ಲ. ಅವಳು ಜನರನ್ನು ನೋಡುತ್ತಿದ್ದಳು.

"ಒಬ್ರಿಗೊಬ್ರು ಗುರ್ತಿಲ್ಲ ನೋಡು. ಎಲ್ಲಾರೂ ಉಸಿರು ಹಿಡಕೊಂಡು ಒಂದೇ ಕಡಿ ನೋಡಾಕತ್ತಿದ್ರು" ಎಂದಳು ಮೆಲ್ಲಗೆ. "ನಮ್ಮ ಮನಿಯವರೂ ಹಿಂಗೇ ಇಲ್ಲೇ ಎಲ್ಲೋ ಕುಂತಿರಬೇಕು..."

ದೊಡ್ಡ ಶಹರಗಳಿಗೆ ಜನ ಯಾಕೆ ಹೋಗುತ್ತಾರೆ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಆ ಮಾತೇ ನೆನಪಾಗುತ್ತದೆ.

ಬಸ್ಸು ತಪ್ಪಿತು. ಇನ್ನೊಂದು ಬಸ್ಸಿನ ತನಕ ಇರಾನಿ ಹೋಟೆಲಿನಲ್ಲಿ ಕುಳಿತೆವು. ಅಲ್ಲಿಂದಲೇ ಕಾಕು ಓಣಿಗೆಲ್ಲ ಆಗುವಷ್ಟು ಬಿಸ್ಕಿಟು ಕಟ್ಟಿಸಿಕೊಂಡಳು. ಊರಿಗೆ ಬಂದರೆ ಗಿರಣಿ ಆಯಿ ಕಾದು ಕುಳಿತಿದ್ದಳು. ಏನೂ ಆಗಿಲ್ಲ ಎಂದು ತಿಳಿದಾಗ ಅವಳ ಮುಖ ತುಸು ಸಪ್ಪಗಾಯಿತು. ಅಷ್ಟು ಅತ್ತಿದ್ದೆಲ್ಲ ಹಾಳಾಯಿತಲ್ಲ. ಆದರೆ ಕಾಕು ಗಡಿಯಾರದವನಂತೆ ಕುತ್ತಿಗೆ ಆಡಿಸಿ ಪಾತ್ರೆ ಬಾರಿಸಿ ತೋರಿಸಿದ ಮೇಲೆ ಓಣಿಯ ಹೆಂಗಸರಿಗೆಲ್ಲ ಹುಚ್ಚು ಹತ್ತಿತು. ಮುಂದಿನ ವರ್ಷಗಳಲ್ಲಿ ಗಂಡಂದಿರನ್ನು ಎಳೆದುಕೊಂಡು ಒಬ್ಬೊಬ್ಬರಾಗಿ ಹೋಗಿಬಂದರು. ಆಯಿಯೂ ಹೋದಳು. ಊರು ನೋಡಾಕ ಹೊಂಟೀನಿ ಎಂದರೆ ಹಣ್ಣು ತರುವವರು ನಮ್ಮ ಓಣಿಯಲ್ಲಿ ಯಾರೂ ಉಳಿಯಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಕಾಕು ಮತ್ತೆ ಹೊರಟಳು. ಎಲ್ಲಿಗೆ ಎಂದೆ. "ಊರು ನೋಡಾಕ. ಅವತ್ತ ನಿಮ್ಮ ಗದ್ಲದಾಗ ಚಾರ್‌ಮಿನಾರ್ ಬಿಟ್ಟು ಹೋಗಿತ್ತಲ್ಲ." ನಾವೆಲ್ಲ ನಕ್ಕು ಕಳಿಸಿದೆವು. ಒಬ್ಬಳು ಬಳೆ ತರಲು ಹೇಳಿದಳು, ನಾನು ಬಿಸ್ಕಿಟು ಹೇಳಿದೆ. ತಂದುಕೊಟ್ಟಳು. ಮತ್ತೆ ಹೋದಳು, ಮತ್ತೆ ತಂದುಕೊಟ್ಟಳು. ಈ ವಯಸ್ಸಿನಲ್ಲಿ ಏನು ಶೋಕಿ ನಿನ್ನದು ಕಾಕು, ತಿರುಗಿ ತಿರುಗಿ ಸೊರಗಿ ಹೋದಿ ಎಂದು ನಾನೇ ಚೇಷ್ಟೆ ಮಾಡಿದ್ದೆ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನಗುವಾಗ ಅವಳು ಹೊಟ್ಟೆ ಹಿಡಿದುಕೊಳ್ಳುವುದು ಯಾವಾಗಲೂ ಇದ್ದದ್ದೇ, ಹಾಗೆಂದುಕೊಂಡೆ...

ಮಗ ಬಾಯಿ ಬಿಟ್ಟದ್ದು ಅವಳು ಹಾಸಿಗೆ ಹಿಡಿದ ಮೇಲೆ. ಆ ಎಲ್ಲ ಸಲವೂ ಹೋಗಿದ್ದು ದವಾಖಾನೆಗೇ. ಯಾರಿಗೂ ಹೇಳಬಾರದೆಂದು ಅವನಿಂದ ಭಾಷೆ ತೆಗೆದುಕೊಂಡಿದ್ದಳು. ನಾನು ಅವಳ ಮಗ್ಗುಲಲ್ಲಿ ಕುಳಿತು, ಯಾಕ ಹೇಳಲಿಲ್ಲ ಕಾಕು ಎಂದು ಅತ್ತೆ.

"ಆರಾಮಿದ್ದಾಗೇ ಎಲ್ಲಾರೂ ಬಂದು ಅತ್ತು ಹೋಗೀರಿ" ಎಂದಳು. "ಮತ್ತ ಯಾಕ? ಬಿಸ್ಕಿಟ ಛಲೋ ಇದ್ದುವಿಲ್ಲೋ?"

ಛಲೋ ಇದ್ದವು. ಅಷ್ಟೂ ತಿಂದು ಮುಗಿಸಿದ್ದೆವು.

ಮೊನ್ನೆ ಆ ಹುಡುಗಿಯ ಮುಖವನ್ನು ನಾನು ಹಾಗೆ ನೋಡಿದ್ದು ಅದಕ್ಕೇ. "ಖರೇನಾ? ಬರೇ ಊರು ನೋಡಾಕ?" ಎಂದು ಇನ್ನೊಮ್ಮೆ ಕೇಳಿದೆ. ಅವಳು ಗಲಿಬಿಲಿಗೊಂಡು ಮೊಬೈಲು ತೆಗೆದು ತೋರಿಸಿದಳು: ಚಾರ್‌ಮಿನಾರ್ ಮುಂದೆ ಗಂಡ, ಬಳೆ ಅಂಗಡಿಯ ಮುಂದೆ ತಾನು, ಆಮೇಲೆ ಗಡಿಯಾರ, ಅದರ ಮುಂದೆ ಬಾಯಿ ತೆರೆದು ಕುಳಿತ ಗುರುತಿಲ್ಲದ ಮಂದಿ. ಆ ಗುಂಪಿನಲ್ಲಿ ನಾನು ಒಂದೊಂದೇ ಮುಖ ಹುಡುಕಿದೆ. ಕಾಕು ಇರಲಿಲ್ಲ, ಇರುವುದಾದರೂ ಹೇಗೆ. ಮೊಬೈಲು ವಾಪಸು ಕೊಟ್ಟು, ಚಹಾಕ್ಕಿಟ್ಟು, ಡಬ್ಬಿಯಿಂದ ಒಂದು ಬಿಸ್ಕಿಟು ತೆಗೆದುಕೊಂಡೆ.