ಪಟಾಕಿ ಯಾಕೆ ಕಚ್ಚಿದಳು

ಬಟ್ಟೆ ಹೊಲಿಯುವ ಕಾರ್ಖಾನೆಯ ಮಕ್ಕಳ ಕೋಣೆಯಲ್ಲಿ ಆಯಾ ದೊಡ್ಡಮ್ಮನ ಗಂಟಲೇ ಸೈರನ್ನು. ಈ ಕೆಲಸದಲ್ಲೇ ಅವಳ ತಲೆ ನೆರೆತಿದೆ. ನಾನಾ ನಾಡಿನಿಂದ ಬಂದ ಹೊಲಿಗೆಯವರ ಮಕ್ಕಳು. ಒಂದೊಂದರದು ಒಂದೊಂದು ಬಣ್ಣ, ಒಂದೊಂದು ಭಾಷೆ. ಮೂಗು ಸುರಿಸೋದರಲ್ಲಿ ಮಾತ್ರ ಎಲ್ಲವೂ ಒಂದೇ ಜಾತಿ ಅಂತ ನಗುತ್ತಾಳೆ.

ಅವತ್ತು ನಗು ಎಲ್ಲಿಂದ ಬರಬೇಕು? ಪಟಾಕಿ ಅಂತ ಎಲ್ಲರೂ ಕರೆಯುವ ನಾಲ್ಕು ವರ್ಷದ ಹುಡುಗಿ, ಗುಂಗುರು ಕೂದಲಿನ ಹುಡುಗನ ತೋಳು ಕಚ್ಚಿಬಿಟ್ಟಿದ್ದಳು. ಅದೂ ಮತ್ತೆ!

“ಇನ್ನೊಂದು ಸಲ ಕಚ್ಚಿದ್ರೆ ಮಗೂನ ಇಲ್ಲಿಂದ ತೆಗೀತೀನಿ,” ಅಂದರು ಸೂಪರ್‌ವೈಸರಮ್ಮ. “ಆ ಜನಾನೇ ಹಾಗೆ. ರಕ್ತದಲ್ಲೇ ಬಂದಿರುತ್ತೆ.”

“ಯಾವ ಜನ ಮೇಡಂ? ಅದಕ್ಕಿನ್ನೂ ಚಡ್ಡಿ ಹಾಕ್ಕೊಳ್ಳೋಕೆ ಬರಲ್ಲ!” ದೊಡ್ಡಮ್ಮನಿಗೆ ಮೈಯೆಲ್ಲ ಉರಿಯಿತು. ಮಗು ಹೊರಬಿದ್ದರೆ ತಾಯಿಯ ಕೆಲಸವೂ ಹೋದಂತೆಯೇ. ನೋಡಿಕೊಳ್ಳಲು ಮನೆಯಲ್ಲಿ ನರಪಿಳ್ಳೆಯೂ ಇಲ್ಲ.

ಸಂಜೆ ತಾಯಿ ಓಡಿ ಬಂದಳು, ಸೀರೆಗೆಲ್ಲ ದಾರದ ಚೂರು. ಮಗಳ ತೋಳು, ಕುತ್ತಿಗೆ, ಬೆನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಯಾರಾದ್ರೂ ಹೊಡೆದ್ರಾ?”

“ಇಲ್ಲ. ನಾನೇ ಮೊದ್ಲು ಕಚ್ಚಿದೆ!”

“ಜಾಣೆ!” ಅಂತ ಮುತ್ತು ಕೊಟ್ಟಳು.

ಅಯ್ಯೋ ದೇವರೇ, ಸಿಕ್ಕಿತಲ್ಲ ಬುಡ! ದೊಡ್ಡಮ್ಮ ತಾಯಿಯನ್ನು ಎಳೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದಳು. “ಏನೇ ತಾಯಿ, ಕಲಿಸಿದ್ದು ನೀನೇನಾ?”

ಅವಳ ಕಣ್ಣು ತುಂಬಿತು. “ಹಳೇ ಬೀದೀಲಿ ನಮ್ಮ ಮುಖ ಬೇರೆ, ಮಾತು ಬೇರೆ ಅಂತ ಎಲ್ರೂ ಸೇರಿ ಇವಳನ್ನ ಹೊಡೀತಿದ್ರು ದೊಡ್ಡಮ್ಮ. ದಿನಾ ಗಾಯ. ಅದಕ್ಕೇ ಅವರು ಕೈ ಎತ್ತೋ ಮುಂಚೆ ನೀನೇ ಶುರು ಮಾಡು ಅಂದೆ.”

ದೊಡ್ಡಮ್ಮನ ಸಿಟ್ಟೆಲ್ಲ ಇಳಿದುಹೋಯಿತು. “ಇಲ್ಲಿ ಯಾರೂ ಹೊಡೆಯಲ್ಲ ಕಣೆ, ನಾನಿದ್ದೀನಿ. ನಾಳೆಯಿಂದ ಪ್ರಶ್ನೆ ಬದಲಾಯಿಸು. ಯಾರಾದ್ರೂ ಹೊಡೆದ್ರಾ ಅನ್ನಬೇಡ, ಯಾರ ಜೊತೆ ಆಡಿದೆ ಅಂತ ಕೇಳು.”

ಮರುದಿನ ತಾಯಿ ಹಾಗೇ ಕೇಳಿದಾಗ ಪಟಾಕಿ ಪಿಳಿಪಿಳಿ ಕಣ್ಣು ಬಿಟ್ಟಳು, ಪಾಪ! ಕಚ್ಚುವವಳ ಜೊತೆ ಯಾರೂ ಆಡಿರಲಿಲ್ಲ.

ಅದರ ಮರುದಿನ ಅವಳ ಚೆಂಡಿಗೆ ಅದೇ ಹುಡುಗ ಕೈ ಹಾಕಿದ. ಬಾಗಿಲಲ್ಲಿ ಸೂಪರ್‌ವೈಸರಮ್ಮ! ಪಟಾಕಿ ಬಾಯಿ ತೆರೆದಳು. ದೊಡ್ಡಮ್ಮನ ಜೀವ ಬಾಯಿಗೆ ಬಂತು.

“ನಂದು!” ಅಂತ ಕಿರುಚಿದಳು. ಕಿರುಚಿದಳು ಅಷ್ಟೇ, ಕಚ್ಚಲಿಲ್ಲ! ಹುಡುಗ ಬೆಚ್ಚಿ ಚೆಂಡು ಬಿಟ್ಟ. ಇವಳು ಒಂದು ಗಳಿಗೆ ನೋಡಿ ಅವನ ಕಡೆಗೇ ಉರುಳಿಸಿದಳು. ದೊಡ್ಡಮ್ಮ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು.

ಸಂಜೆ ತಾಯಿಯ ಕೈ ಅಭ್ಯಾಸಬಲದಿಂದ ಮಗಳ ತೋಳಿಗೆ ಹೋಯಿತು. ತಡೆದುಕೊಂಡು ಕೇಳಿದಳು: “ಯಾರ ಜೊತೆ ಆಡಿದೆ?”

ಪಟಾಕಿ ಓಡಿಹೋಗಿ ಗುಂಗುರು ಕೂದಲಿನವನನ್ನು ದರದರ ಎಳೆದು ತಂದಳು. “ಇವನ ಜೊತೆ!”

ಅವನ ತೋಳಿನ ಮೇಲೆ ಹಲ್ಲಿನ ಗುರುತು ಇನ್ನೂ ಇತ್ತು. ತಾಯಿ ಮಂಡಿಯೂರಿ ಕೂತು, ಮಗಳ ಮೈ ನೋಡುತ್ತಿದ್ದ ಹಾಗೆಯೇ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ತುಂಬಾ ನೋವಾಯ್ತಾ ಕಂದಾ?” ಅಂದಳು.