ಕೂಡಿಕೊಂಡ ಮೂಳೆ

ದೆವ್ವ, ಮಾಟ, ಮೈಮೇಲೆ ಬರುವುದು, ಇಂಥ ಮಾತು ಯಾರಾದರೂ ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಹೆಣ ಕೊಯ್ದು ಪಾಠ ಹೇಳುವವಳಿಗೆ ಅದನ್ನೆಲ್ಲ ಕೇಳುವ ವ್ಯವಧಾನ ಇರಲಿಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಐವತ್ತರ ದಶಕದ ಕೊನೆಯಲ್ಲಿ ಒಂದು ಬೆಳಿಗ್ಗೆ ನನ್ನ ಕಣ್ಣಾರೆ ಕಂಡದ್ದನ್ನು ಬರೆಯುತ್ತಿದ್ದೇನೆ. ಓದಿ ನಗುವವರು ನಗಲಿ. ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆಗ ನಾನು ಒಂದು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ತಾತ್ಕಾಲಿಕ ಅಧ್ಯಾಪಕಿ. ಇಡೀ ವಿಭಾಗಕ್ಕೆ ನಾನೊಬ್ಬಳೇ ಹೆಂಗಸು. ಜಯನಗರದಲ್ಲಿ ಹೊಲಗಳನ್ನು ಸಮ ಮಾಡಿ ಬಡಾವಣೆ ಎಬ್ಬಿಸುತ್ತಿದ್ದ ಕಾಲ. ಅದರಾಚೆಯ ಒಂದು ಹಳ್ಳಿಯಲ್ಲಿ ಜಮೀನುದಾರರೊಬ್ಬರ ಹಾಳುಬಾವಿಯ ಹೂಳು ತೆಗೆಯುವಾಗ ಅಸ್ಥಿಪಂಜರ ಸಿಕ್ಕಿತು. ವಯಸ್ಸು ಎಷ್ಟೆಂದು ಹೇಳಿ ಎಂದು ಪೊಲೀಸರು ಅದನ್ನು ಗೋಣಿಚೀಲದಲ್ಲಿ ತಂದು ನಮ್ಮಲ್ಲಿ ಇಳಿಸಿದರು.

ಹಿಂದೆಯೇ ತಿಮ್ಮಕ್ಕ ಬಂದಳು. ಅವಳ ಮಗಳನ್ನು ಹತ್ತು ವರ್ಷಕ್ಕೇ ಆ ಜಮೀನುದಾರರ ಮನೆಗೆ ಸೊಸೆಯಾಗಿ ಕೊಟ್ಟಿದ್ದರು. ಮರುವರ್ಷವೇ ಹುಡುಗಿ ಕಾಣೆಯಾಯಿತು, ಅದಾಗಿ ಆಗಲೇ ಮೂರು ವರ್ಷ. ಯಾವನ ಜೊತೆಗೋ ಓಡಿಹೋದಳು ಎಂದು ಅತ್ತೆಮನೆಯವರು ಊರೆಲ್ಲ ಸಾರಿದ್ದರು.

ತಿಮ್ಮಕ್ಕ ವರಾಂಡದಲ್ಲಿ ಕೂತು ನನ್ನನ್ನು ಕೇಳಿದ್ದು ಒಂದೇ. “ಡಾಕ್ಟ್ರಮ್ಮ, ನಮ್ ಹುಡ್ಗಿ ಇನ್ನೂ ನೆರೆದಿರ್ಲಿಲ್ಲ ಕಣವ್ವ. ಅಂಥಾ ಮಗು ಯಾವನ್ ಜೊತೇಲಿ ಓಡೋಯ್ತದೆ? ಬಾವೀಲಿ ಸಿಕ್ಕಿರೋದು ಮಗೂದಾ, ದೊಡ್ಡೋರ್ದಾ, ಅಷ್ಟ್ ಯೋಳ್ಬುಡಿ.”

ಅದನ್ನು ಹೇಳುವುದು ಕಷ್ಟವೇನಲ್ಲ. ಮಕ್ಕಳ ಮೂಳೆಗಳ ತುದಿಗಳು ಬೇರೆ ತುಂಡುಗಳಾಗಿರುತ್ತವೆ. ಬೆಳೆದಂತೆ ಒಂದೊಂದು ಒಂದೊಂದು ವಯಸ್ಸಿಗೆ ಕೂಡಿಕೊಳ್ಳುತ್ತದೆ. ಸೊಂಟದ ಮೂಳೆಯಂತೂ ಮೂರು ತುಂಡು. ಹುಡುಗಿ ನೆರೆಯುವ ಹೊತ್ತಿಗೆ ಸೇರಿ ಒಂದಾಗುತ್ತದೆ. ನನ್ನ ಮೇಜಿನ ಮೇಲೆ ಅದು ಮೂರಾಗಿಯೇ ಬಿದ್ದಿತ್ತು. ಮೊಣಕೈಯ ತುದಿ ಬೇರೆ, ಮೊಣಕಾಲಿನದು ಬೇರೆ. ಹನ್ನೊಂದೋ ಹನ್ನೆರಡೋ, ಅದಕ್ಕಿಂತ ಮೇಲಿನ ಮಾತೇ ಇಲ್ಲ. ಪ್ರತಿ ತುಂಡಿನ ಮೇಲೂ ಶಾಯಿಯಲ್ಲಿ ನಂಬರು ಬರೆದು, ಉದ್ದ ಅಳೆದು, ವರದಿ ಬರೆದೆ.

ವಿಭಾಗದ ಮುಖ್ಯಸ್ಥರು ಅದನ್ನು ಓದಿ ಕನ್ನಡಕ ತೆಗೆದಿಟ್ಟರು. “ಹದಿನೆಂಟರ ಮೇಲೆ ಅಂತ ಬರೀರಿ.”

“ಸಾರ್, ಸೊಂಟದ ಮೂಳೆ ಕೂಡೇ ಇಲ್ಲ.”

“ನಿಮ್ಮನ್ನ ಪರ್ಮನೆಂಟ್ ಮಾಡೋ ಪೇಪರ್ ನನ್ ಟೇಬಲ್ ಮೇಲೇ ಇದೆ. ಯೋಚ್ನೆ ಮಾಡಿ.”

ಆ ಜಮೀನುದಾರರ ಹೊಲದಲ್ಲಿ ಮುಖ್ಯಸ್ಥರಿಗೊಂದು ಸೈಟು ನಿಗದಿಯಾಗಿದೆ ಎಂಬುದು ನಮ್ಮ ಜವಾನನಿಗೂ ತಿಳಿದಿತ್ತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಆ ಪರ್ಮನೆಂಟ್ ಕಾಗದ ಹರಿದು ಅವರ ಮುಖಕ್ಕೆ ಎಸೆಯಬೇಕಿತ್ತು. ಎಸೆಯಲಿಲ್ಲ. ಎಲ್ಲ ತುದಿಗಳೂ ಕೂಡಿವೆ, ಹದಿನೆಂಟು ದಾಟಿದ ಹೆಂಗಸು ಎಂದು ಬರೆದು ಸಹಿ ಹಾಕಿದೆ. ಮೂಳೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ವಿಲ್ಸನ್ ಗಾರ್ಡನ್ನಿನ ಮನೆಗೆ ಹೋಗಿ ಊಟ ಮಾಡಿದೆ. ಊಟ ಮಾಡಿದೆ ಎಂಬುದನ್ನು ಬೇಕೆಂದೇ ಬರೆಯುತ್ತಿದ್ದೇನೆ.

ಮಲಗಿದ ಮೇಲೆ ನಿದ್ದೆ ಹತ್ತಲಿಲ್ಲ. ಕೆಲಸ ಹಾಳಾಗಿ ಹೋಗಲಿ ಎಂದು ಬೆಳಗಾಗುವುದರೊಳಗೆ ನಿರ್ಧರಿಸಿದ್ದೆ. ಪೊಲೀಸರು ವರದಿ ಒಯ್ಯಲು ಹತ್ತು ಗಂಟೆಗೆ ಬರುವವರಿದ್ದರು. ಅಷ್ಟರಲ್ಲಿ ಅದನ್ನು ಹರಿದು, ನಿಜ ಬರೆದು, ಮೂಳೆ ತೋರಿಸಿಯೇ ಕೊಡುವುದು ಎಂದುಕೊಂಡು ಎಂಟಕ್ಕೇ ಹೋಗಿ ಬೀರು ತೆಗೆದೆ. ಅದಕ್ಕಿದ್ದದ್ದು ಒಂದೇ ಬೀಗದ ಕೈ, ರಾತ್ರಿಯೆಲ್ಲ ಅದು ನನ್ನ ಹತ್ತಿರವೇ ಇತ್ತು.

ಸೊಂಟದ ಮೂಳೆ ಒಂದಾಗಿತ್ತು.

ಮೂರು ತುಂಡುಗಳ ಮೂರು ನಂಬರುಗಳೂ ನನ್ನ ಅಕ್ಷರದಲ್ಲೇ, ಒಂದೇ ಮೂಳೆಯ ಮೇಲಿದ್ದವು. ಮೊಣಕೈ ಕೂಡಿತ್ತು, ಮೊಣಕಾಲು ಕೂಡಿತ್ತು. ಯಾರೋ ಅಂಟು ಹಾಕಿರಬೇಕೆಂದು ಬ್ಲೇಡಿನಿಂದ ಕೆರೆದೆ, ಬಿಸಿನೀರಿನಲ್ಲಿ ಅದ್ದಿದೆ, ಭೂತಗನ್ನಡಿ ಹಿಡಿದು ನೋಡಿದೆ. ಕೂಡಿದ ಗೆರೆಯೇ ಇಲ್ಲ. ಅಳೆದರೆ ಉದ್ದ ಹಿಂದಿನ ದಿನದಷ್ಟೇ, ಒಂದು ನೂಲೂ ಹೆಚ್ಚಿಲ್ಲ. ಮಗುವಿನ ಮೂಳೆ ಹದಿನೆಂಟು ದಾಟಿದವಳ ಮೂಳೆಯಂತೆ ಕೂಡಿ ಕೂತಿತ್ತು, ನಾನು ಬರೆದುಕೊಟ್ಟ ಹಾಗೆಯೇ. ನನಗೆ ಹೆದರಿಕೆಯಾಗಲಿಲ್ಲ. ಸಿಟ್ಟು ಬಂತು, ಅದೂ ಆ ಮಗುವಿನ ಮೇಲೆ. “ನೀನೂ ಅವರ ಮಾತೇ ಕೇಳ್ದ್ಯೇನೇ?” ಎಂದು ಖಾಲಿ ಕೋಣೆಯಲ್ಲಿ ಕಿರುಚಿದೆ.

ಮುಖ್ಯಸ್ಥರು ಬಂದು ನೋಡಿದರು. “ಕುಳ್ಳಿ ಇರ್ಬೇಕು. ನಿನ್ನೆ ನೀವು ಸರಿಯಾಗಿ ನೋಡಿಲ್ಲ, ಅಷ್ಟೆ” ಎಂದರು. ಪೊಲೀಸರ ಮುಂದೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ದಫೇದಾರ ಮೂಳೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ ನಕ್ಕ. ವರದಿ ಹೋಯಿತು. ಆ ತಿಂಗಳೇ ನನ್ನ ಕೆಲಸ ಖಾಯಮಾಯಿತು.

ಆಮೇಲೆ ಎಷ್ಟೋ ವರ್ಷ ಮೂಳೆಗಳ ನಡುವೆಯೇ ಕಳೆದೆ. ಅಂಥದ್ದು ಮತ್ತೆ ಕಾಣಲಿಲ್ಲ. ಅದು ಹೇಗಾಯಿತೋ ನನಗೆ ಗೊತ್ತಿಲ್ಲ, ಬಲ್ಲವರು ಹೇಳಿದರೆ ಕೇಳುತ್ತೇನೆ.

ಅವತ್ತು ಪೊಲೀಸರು ಹೋದ ಮೇಲೆ ವರಾಂಡಕ್ಕೆ ಬಂದೆ. ತಿಮ್ಮಕ್ಕ ಎದ್ದು ನಿಂತಳು. ಹದಿನೆಂಟು ದಾಟಿದೆ ಅಂತ ಬಂದಿದೆ ಎಂದೆ. ಅವಳು ಬೆರಳು ಮಡಚಿ ಏನೋ ಎಣಿಸಿದಳು. ಆಮೇಲೆ ಮುಖ ಅರಳಿತು.

“ಅಂಗಾರೆ ಅದು ನಮ್ ಹುಡ್ಗಿ ಅಲ್ಲ! ಓಡೋದ್ಲು ಅಂದ್ರೆ ಅಂದ್ಕೊಳ್ಲಿ ಬಿಡಿ, ಎಲ್ಲೋ ಬದುಕವ್ಳಲ್ಲ. ಬದುಕವ್ಳೆ, ಅಲ್ವೇನವ್ವ?” ಎಂದು ನನ್ನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ನಾನು ಹೂಂ ಎಂದೆ.